ಕಲ್ಪನೆಗೆ ಯಾವ ಊರು, ಯಾವ ಧರ್ಮ?

ಜನವಾಡದ ತೊಗರಿ ಹೊಲದಲ್ಲಿ ನಿಂತ ಹುಡುಗನ ತಲೆಯ ಮೇಲೆ ಬೀದರ್ ವಾಯುನೆಲೆಯ ತರಬೇತಿ ವಿಮಾನಗಳು ಗರ್ಜಿಸುತ್ತವೆ. ಸಮೀಪದ ಬೀದರ್‌ನಲ್ಲಿ, 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದ ಅವಶೇಷವಿದೆ. ಖಗೋಳವನ್ನೂ ಗಣಿತವನ್ನೂ ಕಲಿಸಿದ ವಿದ್ಯಾಲಯವದು. ಮನೆಯಲ್ಲಿ ಜಿನ್ನು, ಪರಿಗಳ ಕಥೆ ದಖನಿಯಲ್ಲಿ, ಶಾಲೆಯ ಪಾಠ ಕನ್ನಡದಲ್ಲಿ, ಸಂತೆಯ ಮಾತು ಮರಾಠಿಯಲ್ಲಿ. ಅದ್ಭುತ ಕಥೆಗೂ ವಿಜ್ಞಾನ ಕಥೆಗೂ ಇದಕ್ಕಿಂತ ಫಲವತ್ತಾದ ನೆಲ ಬೇರೆಲ್ಲಿದೆ? ಆದರೆ ಈ ಹುಡುಗ ನಾಳೆ ಕನ್ನಡದ ಟಿವಿಗೆ ಅಂಥ ಕಥೆ ಬರೆದು ಹೊಟ್ಟೆ ಹೊರೆಯಬಲ್ಲನೇ? ಆಗದೆಂದೇ ನಾವು ನೋವಿನಿಂದ ಹೇಳಬೇಕಾಗಿದೆ.

ರಾಹಿ ಮಾಸೂಮ್ ರಜಾ ಅವರನ್ನು ನೆನೆಯೋಣ. ಅಲೀಗಢದಲ್ಲಿ ಉರ್ದು ಕಲಿಸುತ್ತಿದ್ದ ಅವರು ಸಂಶೋಧನೆಗೆ ಆಯ್ದುಕೊಂಡದ್ದು ಮಾಯೆ, ಮಂತ್ರವಾದಿಗಳ ಮಹಾದಾಸ್ತಾನ್ 'ತಿಲಿಸ್ಮೆ ಹೋಶ್‌ರುಬಾ'ವನ್ನು. ಅದೇ ಲೇಖನಿ 1988ರಿಂದ 1990ರವರೆಗೆ ಪ್ರಸಾರವಾದ ಬಿ.ಆರ್. ಚೋಪ್ರಾರ 'ಮಹಾಭಾರತ'ಕ್ಕೆ ಸಂಭಾಷಣೆ ಬರೆಯಿತು. ಅಲ್ಲಿ ಕಾಲವೇ ಬ್ರಹ್ಮಾಂಡದ ನಡುವೆ ನಿಂತು ಕಥೆ ಹೇಳುತ್ತದೆ. ಮುಸ್ಲಿಮನೊಬ್ಬ ಇದನ್ನು ಬರೆಯುವುದೇ ಎಂದು ಆಕ್ಷೇಪಿಸಿದವರಿದ್ದರು. ದೇಶ ಮಾತ್ರ ಕೆಲಸ ಬಿಟ್ಟು ಕುಳಿತು ನೋಡಿತು. 1994ರ 'ಚಂದ್ರಕಾಂತಾ'ಕ್ಕೆ ಬರೆದವರೂ ಹಿಂದಿಯ ಗಣ್ಯ ಕಥೆಗಾರ ಕಮಲೇಶ್ವರ್. ಅದ್ಭುತ ಕಥೆ ಕೀಳು ಸರಕೆಂದು ಇವರಾರೂ ಮೂಗು ಮುರಿಯಲಿಲ್ಲ.

ನಮ್ಮಲ್ಲೇನಾಗಿದೆ? ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆಗೆ ದಾರಿ ಮಾಡಿಕೊಟ್ಟರೂ ನಮ್ಮ ಚಾನೆಲ್‌ಗಳಿಗೆ ಅದ್ಭುತವೆಂದರೆ ಹೆಚ್ಚಾಗಿ ನಾಗಿಣಿಯ ಸೇಡು, ಇಲ್ಲವೇ ದೇವರ ಪವಾಡ. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಬಂದವು. ಡಬ್ಬಿಂಗ್ ಪಾಪವೆಂದು ನಾವು ಹೇಳುವುದಿಲ್ಲ. ಒಳ್ಳೆಯದು ಎಲ್ಲಿಂದಲಾದರೂ ಬರಲಿ. ಆದರೆ ಪರರ ತುಟಿ ಚಲನೆಗೆ ಮಾತು ಹೊಂದಿಸುವುದಷ್ಟೇ ಕನ್ನಡ ಲೇಖಕನ ಪಾಲಿಗೆ ಉಳಿದರೆ, ಕನಸು ಕಾಣುವ ಕೆಲಸವನ್ನೇ ಗುತ್ತಿಗೆ ಕೊಟ್ಟಂತಲ್ಲವೇ? ಪ್ರೇಕ್ಷಕರಿಲ್ಲವೆಂಬುದು ಸಬೂಬು. ಬಿತ್ತದವನು ಬೆಳೆ ಬಂದಿಲ್ಲವೆಂದು ದೂರಬಾರದು.

ತಪ್ಪು ಚಾನೆಲ್‌ಗಳದಷ್ಟೇ ಅಲ್ಲ. ಡಾಕ್ಟರ್, ಇಂಜಿನಿಯರ್ ಬಿಟ್ಟರೆ ಬೇರೆ ಬದುಕಿಲ್ಲವೆಂದು ಮಕ್ಕಳ ಕಥೆ ಪುಸ್ತಕ ಕಿತ್ತಿಡುವವರು ನಾವೇ. ಅಜ್ಜಿಯ ದಾಸ್ತಾನನ್ನು ಬರೆದಿಡದೆ ಮಣ್ಣುಪಾಲು ಮಾಡುವವರೂ ನಾವೇ.

ವಾರಕ್ಕೆ ಅರ್ಧ ಗಂಟೆ ಹೊಸ ಕನ್ನಡ ಕಥೆಗೆ ಮೀಸಲಾಗಲಿ. ಬರೆದವರ ಹೆಸರು ಓದುವಷ್ಟು ಹೊತ್ತು ಪರದೆಯ ಮೇಲೆ ನಿಲ್ಲಲಿ, ಸಂಭಾವನೆ ಸಕಾಲಕ್ಕೆ ತಲುಪಲಿ. ಮಹಾಭಾರತಕ್ಕೆ ಮಾತು ಕೊಡಲು ರಜಾ ಅವರಿಗೆ ಧರ್ಮ ಅಡ್ಡ ಬರಲಿಲ್ಲ. ಆಕಾಶಕ್ಕೆ ಕಥೆ ಕಟ್ಟಲು ಜನವಾಡದ ಹುಡುಗನಿಗೆ ಊರೇಕೆ ಅಡ್ಡ ಬರಬೇಕು?