ಹತ್ತಬೇಕಾದ ದೀಪ ಹತ್ತಿತೇ?

ಹಳೆಯ ಕಾರು ಇರುವ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಆ ದೀಪ ಯಾವಾಗಲೂ ಹಾಗೇ ಉರಿಯುತ್ತದೆ, ಏನೂ ಆಗುವುದಿಲ್ಲ, ಕೂತ್ಕೊಳ್ಳಿ." ಸ್ಟೇರಿಂಗ್‌ನ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ ಉರಿಯುವ ಆ ಪುಟ್ಟ ಕೆಂಪು ಅಥವಾ ಹಳದಿ ದೀಪವನ್ನು ಮನೆಯವರೆಲ್ಲ ನೋಡಿರುತ್ತಾರೆ. ಅದು ಏನು ಹೇಳುತ್ತಿದೆ ಎಂದು ಕೇಳಿದವರು ಕಡಿಮೆ.

ಹೊಸಕೋಟೆ ತಾಲೂಕಿನ ಜಡಿಗೇನಹಳ್ಳಿಯಂತಹ ಊರುಗಳಲ್ಲಿ ಕಾರು ಈಗ ಶೋಕಿಯ ವಸ್ತುವಲ್ಲ. ವಯಸ್ಸಾದ ಅತ್ತೆಯನ್ನು ರಾತ್ರಿ ಆಸ್ಪತ್ರೆಗೆ ಕರೆದೊಯ್ಯಲು, ಹೆರಿಗೆಗೆ ಬಂದ ಮಗಳನ್ನು ಹೊಸಕೋಟೆಗೋ ಮಾಲೂರಿಗೋ ತಲುಪಿಸಲು, ಮದುವೆ ಮನೆಗೆ ಹೋಗಿಬರಲು ಅದು ಬೇಕು. ಕೊಳ್ಳುವುದು ಮಾತ್ರ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್: ಹಳೆಯ ಆಲ್ಟೊ, ವ್ಯಾಗನ್ ಆರ್, ಓಮ್ನಿ, ಸ್ಯಾಂಟ್ರೊ ಅಥವಾ ಇಂಡಿಕಾ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಆದರೂ ಅದನ್ನು ಜೋಪಾನವಾಗಿ ಇಟ್ಟುಕೊಂಡ ಮನೆಗಳಿವೆ. ಇಂತಹ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ನಾವು, ದೀಪಗಳ ವಿಷಯ ಗಂಡಸರಿಗೆ ಸೇರಿದ್ದು ಎಂದು ಬಿಟ್ಟುಬಿಡುವಂತಿಲ್ಲ. ಓಡಿಸುವವರ ಕಣ್ಣು ರಸ್ತೆಯ ಮೇಲಿರುವಾಗ ಆ ದೀಪವನ್ನು ಮೊದಲು ಕಾಣುವುದು ಪಕ್ಕದಲ್ಲಿ ಕುಳಿತವರೇ ಆಗಿರಬಹುದು.

ಸ್ಟಾರ್ಟ್ ಮಾಡುವ ಮುಂಚೆ

ಕಲಿಯಬೇಕಾದ ಮೊದಲ ಪಾಠ ತುಂಬ ಸುಲಭ. ಹ್ಯಾಂಡ್ ಬ್ರೇಕ್ ಎಳೆದಿರಲಿ. ಕೀಲಿಯನ್ನು ತಿರುಗಿಸಿ, ಆದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆಗ ಎಣ್ಣೆಯ ದೀಪ, ಬ್ಯಾಟರಿಯ ದೀಪ, ಬ್ರೇಕ್ ದೀಪ ಮೂರೂ ಉರಿಯಬೇಕು. ಸ್ವಲ್ಪ ಈಚಿನ ಕಾರಾದರೆ ಎಂಜಿನ್ ಚಿತ್ರದ ಹಳದಿ ದೀಪವೂ, ಎಬಿಎಸ್ ಮತ್ತು ಏರ್‌ಬ್ಯಾಗ್ ಇದ್ದರೆ ಅವುಗಳ ದೀಪಗಳೂ ಹತ್ತಬೇಕು. ಎಬಿಎಸ್ ಮತ್ತು ಏರ್‌ಬ್ಯಾಗ್ ದೀಪಗಳು ಕೆಲವು ಸೆಕೆಂಡುಗಳಲ್ಲಿ ತಾವಾಗಿಯೇ ಆರುತ್ತವೆ. ಎಣ್ಣೆ, ಬ್ಯಾಟರಿ ಮತ್ತು ಎಂಜಿನ್ ದೀಪಗಳು ಎಂಜಿನ್ ಸ್ಟಾರ್ಟ್ ಆದ ಮೇಲೆ ಆರುತ್ತವೆ. ಹ್ಯಾಂಡ್ ಬ್ರೇಕ್ ಇಳಿಸಿದಾಗ ಬ್ರೇಕ್ ದೀಪ ಆರುತ್ತದೆ.

ಇದು ಕಾರು ತನ್ನ ದೀಪಗಳನ್ನು ನಮಗೆ ತೋರಿಸುವ ಪರೀಕ್ಷೆ. ಉರಿಯುತ್ತಲೇ ಇರುವ ದೀಪಕ್ಕೆ ಎಲ್ಲರೂ ಹೆದರುತ್ತಾರೆ. ಆದರೆ ಅದಕ್ಕಿಂತ ಅಪಾಯಕಾರಿ, ಹತ್ತಬೇಕಾದಾಗ ಹತ್ತದ ದೀಪ. ಅದರ ಬಲ್ಬ್ ಸುಟ್ಟಿರಬಹುದು, ತಂತಿ ಕಡಿದಿರಬಹುದು, ಇಲ್ಲವೇ ಯಾರೋ ಬೇಕೆಂದೇ ಬಲ್ಬ್ ಕಿತ್ತಿರಬಹುದು. ಎಂಜಿನ್‌ನಲ್ಲಿ ಎಣ್ಣೆ ಖಾಲಿಯಾದ ದಿನ ಆ ದೀಪ ನಮಗೆ ಏನನ್ನೂ ಹೇಳುವುದಿಲ್ಲ. ಹೆಚ್ಚಿನ ಹಳೆಯ ಕಾರುಗಳಲ್ಲಿ ಬ್ಯಾಟರಿ ದೀಪಕ್ಕೆ ಇನ್ನೊಂದು ಕೆಲಸವೂ ಇದೆ. ಕರೆಂಟ್ ಉತ್ಪಾದಿಸುವ ಆಲ್ಟರ್ನೇಟರ್ ಕೆಲಸ ಆರಂಭಿಸಲು ಬೇಕಾದ ಮೊದಲ ಅಲ್ಪ ವಿದ್ಯುತ್ತು ಆ ಬಲ್ಬಿನ ಮೂಲಕವೇ ಹೋಗುತ್ತದೆ. ಅಂತಹ ಕಾರಿನಲ್ಲಿ ಬಲ್ಬ್ ಸುಟ್ಟರೆ ಬ್ಯಾಟರಿಯೇ ಚಾರ್ಜ್ ಆಗದೆ ಹೋಗಬಹುದು.

ಬಣ್ಣವನ್ನು ನೋಡಿ

ಈ ದೀಪಗಳ ಚಿತ್ರಗಳು ಕಂಪೆನಿಗೊಂದು ಬಗೆಯಾಗಿ ಇರುವುದಿಲ್ಲ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು ಐಎಸ್‌ಒ 2575 ಎಂಬ ಮಾನಕದಲ್ಲಿ ಅವನ್ನು ನಿಗದಿಪಡಿಸಿದೆ. ಆದ್ದರಿಂದ ಒಂದು ಕಾರಿನಲ್ಲಿ ಕಲಿತದ್ದು ಇನ್ನೊಂದಕ್ಕೂ ಬರುತ್ತದೆ. ಬಣ್ಣದ ಅರ್ಥವೂ ಹಾಗೆಯೇ. ಹಸಿರು ಅಥವಾ ನೀಲಿ ಎಂದರೆ ಯಾವುದೋ ಒಂದು ಚಾಲೂ ಇದೆ ಎಂದಷ್ಟೇ. ಹಳದಿ ಎಂದರೆ ಬೇಗ ತೋರಿಸಿ ಎಂದರ್ಥ. ಕೆಂಪು ಎಂದರೆ ಈಗಲೇ ನಿಲ್ಲಿಸಿ ನೋಡಿ.

ಕೆಂಪು ದೀಪಗಳಲ್ಲಿ ಅತ್ಯಂತ ಗಂಭೀರವಾದುದು ಎಣ್ಣೆ ಗಿಂಡಿಯ ಚಿತ್ರವಿರುವ ದೀಪ. ಅನೇಕರು ಇದನ್ನು ಎಣ್ಣೆ ಕಡಿಮೆ ಎಂದು ಹೇಳುವ ದೀಪ ಎಂದುಕೊಂಡಿದ್ದಾರೆ. ನಿಜವಾಗಿ ಅದು ಹೇಳುವುದು ಎಣ್ಣೆಯ ಒತ್ತಡ ಇಲ್ಲ ಎಂದು. ಎಂಜಿನ್‌ನ ಒಳಗೆ ಪಂಪೊಂದು ಎಣ್ಣೆಯನ್ನು ಒತ್ತಿ ಬೇರಿಂಗ್‌ಗಳಿಗೆ ಕಳುಹಿಸುತ್ತಿರುತ್ತದೆ. ಆ ಒತ್ತಡ ತೀರಾ ಕುಸಿದ ಮೇಲೆ ಮಾತ್ರ ದೀಪ ಹತ್ತುತ್ತದೆ. ಅಂದರೆ ಇದು ಮೊದಲ ಎಚ್ಚರಿಕೆಯಲ್ಲ, ಕೊನೆಯದು. ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗೋಣ ಎನ್ನಬಾರದು. ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಐದು-ಹತ್ತು ನಿಮಿಷ ಕಳೆದ ಮೇಲೆ, ಸಮತಟ್ಟಾದ ಜಾಗದಲ್ಲಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಇಳಿಸಿ ತೆಗೆದು ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆ ಇದ್ದರೆ ಅದೇ ಬಗೆಯ ಎಣ್ಣೆ ಹಾಕಿ, ಸ್ಟಾರ್ಟ್ ಮಾಡಿದಾಗ ದೀಪ ಆರುತ್ತದೆಯೇ ನೋಡಬಹುದು. ಎಣ್ಣೆ ಸರಿಯಾಗಿದ್ದೂ ದೀಪ ಉರಿಯುತ್ತಿದ್ದರೆ ಕಾರನ್ನು ಓಡಿಸದೆ ಎಳೆಸಿಕೊಂಡೇ ಹೋಗಬೇಕು. ದೋಷ ಕಡಿಮೆ ಬೆಲೆಯ ಸ್ವಿಚ್ಚಿನದೂ ಆಗಿರಬಹುದು, ಸವೆದ ಪಂಪಿನದೂ ಆಗಿರಬಹುದು. ಮೆಕ್ಯಾನಿಕ್ ಒತ್ತಡದ ಗೇಜ್ ಹಾಕಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಬ್ಯಾಟರಿ ಚಿತ್ರದ ಕೆಂಪು ದೀಪ ಓಡುತ್ತಿರುವಾಗ ಹತ್ತಿದರೆ, ಬ್ಯಾಟರಿ ಹಾಳಾಗಿದೆ ಎಂದು ತಕ್ಷಣ ಹೊಸ ಬ್ಯಾಟರಿ ಕೊಳ್ಳುವವರಿದ್ದಾರೆ. ದೀಪ ಹೇಳುತ್ತಿರುವುದು ಚಾರ್ಜ್ ಆಗುತ್ತಿಲ್ಲ ಎಂದು ಮಾತ್ರ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಸುಮಾರು 13.5ರಿಂದ 14.5 ವೋಲ್ಟ್ ಇರಬೇಕು. 12ರ ಆಸುಪಾಸಿನಲ್ಲೇ ಇದ್ದರೆ ಬೆಲ್ಟ್, ಆಲ್ಟರ್ನೇಟರ್ ಅಥವಾ ತಂತಿಯಲ್ಲಿ ದೋಷವಿದೆ. ಬೆಲ್ಟ್ ತುಂಡಾಗಿದ್ದರೆ ಇನ್ನೊಂದು ಕಷ್ಟ: ಎಷ್ಟೋ ಹಳೆಯ ಕಾರುಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಕಾಯತೊಡಗುತ್ತದೆ. ಆದ್ದರಿಂದ ಈ ದೀಪ ಹತ್ತಿದಾಗ ಬಿಸಿ ತೋರಿಸುವ ಮುಳ್ಳನ್ನೂ ನೋಡಬೇಕು.

ಬ್ರೇಕ್ ದೀಪ ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದ ಮೇಲೂ ಉರಿಯುತ್ತಿದ್ದರೆ ಬ್ರೇಕ್ ಎಣ್ಣೆಯ ಡಬ್ಬಿ ನೋಡಿ. ಎಣ್ಣೆ ಇಳಿದಿದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ. ಬ್ರೇಕ್ ಎಣ್ಣೆ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಬ್ರೇಕ್ ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತಿದ್ದರೆ ಆ ಕಾರಿನಲ್ಲಿ ಯಾರನ್ನೂ ಕೂರಿಸಬಾರದು. ಎಬಿಎಸ್‌ನ ಹಳದಿ ದೀಪ ಒಂದೇ ಉರಿದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ. ಅದರ ಜೊತೆ ಕೆಂಪು ಬ್ರೇಕ್ ದೀಪವೂ ಉರಿದರೆ ನಿಲ್ಲಿಸಬೇಕು.

ಇದು ಕುಕ್ಕರ್ ಇದ್ದಂತೆ

ಬಿಸಿಯ ದೀಪ ಹತ್ತಿದಾಗ ಅಥವಾ ಮುಳ್ಳು ಕೆಂಪು ಗೆರೆಗೆ ಏರಿದಾಗ ಜನರು ಮಾಡುವ ದೊಡ್ಡ ತಪ್ಪು ರೇಡಿಯೇಟರ್ ಮುಚ್ಚಳ ತೆಗೆಯುವುದು. ಅಡುಗೆ ಮಾಡುವವರಿಗೆ ಇದನ್ನು ವಿವರಿಸುವುದು ಸುಲಭ. ಪ್ರೆಷರ್ ಕುಕ್ಕರ್‌ನಲ್ಲಿ ಒತ್ತಡ ಇರುವುದರಿಂದ ನೀರು 100 ಡಿಗ್ರಿಯಲ್ಲಿ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಮಾಡುವುದೂ ಅದೇ ಕೆಲಸವನ್ನು. ಆವಿ ಇಳಿಯದ ಕುಕ್ಕರಿನ ಮುಚ್ಚಳವನ್ನು ನಾವು ತೆಗೆಯುತ್ತೇವೆಯೇ? ತೆಗೆದರೆ ಮುಖ, ಕೈ ಸುಡುತ್ತದೆ. ಆದ್ದರಿಂದ ಎಸಿ ನಿಲ್ಲಿಸಿ, ಕಾರನ್ನು ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಕಾಯಿರಿ. ರೇಡಿಯೇಟರ್ ಮುಟ್ಟಲು ಬರುವಷ್ಟು ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ನಿಧಾನವಾಗಿ ತಿರುಗಿಸಬೇಕು. ಕಾದ ಎಂಜಿನ್‌ಗೆ ತಣ್ಣೀರು ಸುರಿಯಬಾರದು. ಲೋಹ ಬಿರಿಯಬಹುದು.

ಎಂಜಿನ್ ಚಿತ್ರದ ಹಳದಿ ದೀಪ

ಹೊಗೆಯ ನಿಯಮಗಳು ಬಿಗಿಯಾದ ಮೇಲೆ, 2000ದ ಆಸುಪಾಸಿನಲ್ಲಿ ನಮ್ಮ ಕಾರುಗಳಲ್ಲಿ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ ಬಂತು. ಪೆಟ್ರೋಲ್ ಎಷ್ಟು ಬೇಕೆಂದು ಒಂದು ಪುಟ್ಟ ಕಂಪ್ಯೂಟರ್ ನಿರ್ಧರಿಸತೊಡಗಿತು. ಅದಕ್ಕೆ ಸೆನ್ಸರ್‌ಗಳು ಸುದ್ದಿ ಕೊಡುತ್ತವೆ. ಸುದ್ದಿ ಹೊಂದಿಕೆಯಾಗದಿದ್ದಾಗ ಅದು ಹಳದಿ ದೀಪ ಹತ್ತಿಸಿ, ಒಂದು ಕೋಡ್ ನೆನಪಿಟ್ಟುಕೊಳ್ಳುತ್ತದೆ. ಭಾರತದಲ್ಲಿ 2010ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 4ರ ಕಾರುಗಳಿಗೆ ಒಬಿಡಿ ಎಂಬ ಈ ವ್ಯವಸ್ಥೆ ಕಡ್ಡಾಯವಾಯಿತು. 2013ರ ಏಪ್ರಿಲ್‌ನಿಂದ ಅದರ ಎರಡನೇ ಹಂತ ಬಂತು. ಅಂತಹ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ 16 ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ಸ್ಕ್ಯಾನರ್ ಸಿಕ್ಕಿಸಿದರೆ ಕೋಡ್ ಕಾಣುತ್ತದೆ. ಅದಕ್ಕಿಂತ ಹಳೆಯ ಕೆಲವು ಕಾರುಗಳಲ್ಲಿ ಮೆಕ್ಯಾನಿಕ್ ಎರಡು ಪಿನ್‌ಗಳನ್ನು ತಂತಿಯಿಂದ ಜೋಡಿಸಿ, ದೀಪ ಎಷ್ಟು ಸಲ ಮಿಟುಕುತ್ತದೆ ಎಂದು ಎಣಿಸಿ ಕೋಡ್ ತಿಳಿಯುತ್ತಾನೆ.

ಕೋಡ್ ಎಂಬುದು ಸಾಕ್ಷಿಯ ಹೇಳಿಕೆ, ತೀರ್ಪಲ್ಲ. ಉದಾಹರಣೆಗೆ ಪಿ0171 ಎಂದು ಬಂದರೆ, ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದರ್ಥ. ಕಾರಣ ಸೆನ್ಸರ್ ಆಗಿರಬಹುದು. ಬಿರುಕು ಬಿಟ್ಟ ಒಂದು ರಬ್ಬರ್ ಪೈಪ್ ಕೂಡ ಆಗಿರಬಹುದು. ಪರೀಕ್ಷಿಸದೆ ಸೆನ್ಸರ್ ಬದಲಿಸಿದರೆ ಸಾವಿರಾರು ರೂಪಾಯಿ ಹೋಗುತ್ತದೆ, ದೀಪ ಮತ್ತೆ ಹತ್ತುತ್ತದೆ. "ಕೋಡ್ ಏನು ಬಂತು? ಆ ಭಾಗವೇ ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು?" ಎಂದು ವಿನಯದಿಂದ ಕೇಳುವ ಹಕ್ಕು ನಮಗಿದೆ.

ಈ ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದು ಕಾರು ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಮನೆಗೆ ತಲುಪಿ, ಒಂದೆರಡು ದಿನಗಳಲ್ಲಿ ತೋರಿಸಬಹುದು. ದೀಪ ಮಿಟುಕುತ್ತಾ ಕಾರು ಅದುರುತ್ತಿದ್ದರೆ ಸಿಲಿಂಡರ್ ಒಂದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಸೇರಿ ಅದನ್ನು ಕಾಯಿಸಿ ಹಾಳುಮಾಡುತ್ತದೆ. ಆಗ ಮುಂದೆ ಓಡಿಸದಿರುವುದೇ ಲಾಭ.

ಮೆಕ್ಯಾನಿಕ್‌ಗೆ ಏನು ಹೇಳಬೇಕು?

"ಯಾವುದೋ ದೀಪ ಉರಿಯುತ್ತಿದೆ" ಎಂದರೆ ಕೆಲಸ ಅಂದಾಜಿನಿಂದ ಶುರುವಾಗುತ್ತದೆ. ಬದಲಿಗೆ ನಾಲ್ಕು ವಿಷಯ ಬರೆದಿಡಿ: ದೀಪದ ಬಣ್ಣ ಮತ್ತು ಚಿತ್ರ, ಹತ್ತಿದ್ದು ಯಾವಾಗ, ತಣ್ಣಗಿದ್ದಾಗಲೋ, ದಿಬ್ಬ ಏರುವಾಗಲೋ, ಮಳೆಯಲ್ಲೋ, ಸ್ಥಿರವೋ ಮಿಟುಕುವುದೋ, ಜೊತೆಗೆ ಶಬ್ದ, ವಾಸನೆ, ಅದುರು ಏನಾದರೂ ಇತ್ತೇ. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿದ್ದರೆ ಇನ್ನೂ ಒಳ್ಳೆಯದು. ಮಗುವಿಗೆ ಜ್ವರ ಬಂದಾಗ ಯಾವಾಗ ಬಂತು, ಎಷ್ಟಿತ್ತು ಎಂದು ಡಾಕ್ಟರಿಗೆ ಹೇಳುವಂತೆಯೇ ಇದು.

ಕೊಳ್ಳುವಾಗ, ಮಾರುವಾಗ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಬಣ್ಣ ಮತ್ತು ಸೀಟ್ ಕವರ್‌ಗಿಂತ ಮುಂಚೆ ಕೀಲಿ ತಿರುಗಿಸುವ ಪರೀಕ್ಷೆ ಮಾಡಿ. ಎಂಜಿನ್ ತಣ್ಣಗಿರಲಿ. ಯಾವ ದೀಪ ಹತ್ತಲಿಲ್ಲ ಎಂದು ನೋಡಿ. ಏರ್‌ಬ್ಯಾಗ್ ದೀಪ ತನ್ನ ಹೊತ್ತಿಗೆ ಆರದೆ, ಸ್ಟಾರ್ಟ್ ಮಾಡಿದ ಮೇಲೆ ಎಣ್ಣೆ ದೀಪದ ಜೊತೆಜೊತೆಗೇ ಆರಿದರೆ, ಅದರ ತಂತಿಯನ್ನು ಇನ್ನೊಂದಕ್ಕೆ ಕಟ್ಟಿರುವ ಸಾಧ್ಯತೆ ಇದೆ. ಸ್ಕ್ಯಾನರ್‌ನಿಂದ ಕೋಡ್ ಅಳಿಸಿ ದೀಪ ಆರಿಸುವುದೂ ಸುಲಭ. ದೋಷ ಉಳಿದಿದ್ದರೆ ಕಾರು ಓಡಿಸಿದ ಮೇಲೆ ಅದು ಮತ್ತೆ ಹತ್ತುತ್ತದೆ. ಆದ್ದರಿಂದ ಬೀದಿಯ ಕೊನೆಯವರೆಗೆ ಹೋಗಿಬಂದರೆ ಸಾಲದು, ಒಂದು ಗಂಟೆಯಾದರೂ ಓಡಿಸಿ ನೋಡಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆರ್‌ಸಿಯಲ್ಲಿ ಆ ದಿನಾಂಕವನ್ನೂ ಓದಿ.

ಇದೇ ಮಾತು ನಾವು ಮಾರುವಾಗಲೂ ನೆನಪಿರಲಿ. ಮಾರುವ ವಸ್ತುವಿನ ದೋಷವನ್ನು ಮುಚ್ಚಿಡಬಾರದೆಂದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಕಲಿಸುತ್ತೇವೆ. ಬಲ್ಬ್ ಕಿತ್ತು ಮಾರಿದ ಕಾರಿನಲ್ಲಿ ಮುಂದೆ ಕೂರುವುದು ಇನ್ನೊಂದು ಮನೆಯ ತಾಯಿ, ಮಕ್ಕಳು. ದೀಪ ಉರಿಯುತ್ತಿದ್ದರೆ ಅದನ್ನು ತೋರಿಸಿ, ಬೆಲೆ ಸ್ವಲ್ಪ ಇಳಿಸಿ ಮಾರಿದರೆ ಸಾಕು.

ನಾಳೆ ಬೆಳಿಗ್ಗೆ ಕಾರು ಹೊರಡುವ ಮುಂಚೆ ಕೀಲಿ ತಿರುಗಿಸಿ ಕೆಲವು ಸೆಕೆಂಡು ನೋಡಿ. ಎಷ್ಟು ದೀಪ ಹತ್ತಿದವು, ಎಷ್ಟು ಆರಿದವು ಎಂದು ಎಣಿಸಲು ಮಕ್ಕಳಿಗೂ ಹೇಳಿಕೊಡಿ. ಇದಕ್ಕೆ ಖರ್ಚೇನೂ ಇಲ್ಲ.