ಎರವಲು ಹೆಪ್ಪು

ಮನೆಯಲ್ಲಿ ಹೆಪ್ಪು ಮುಗಿದರೆ ಗೃಹಿಣಿಯು ನೆರೆಮನೆಯ ಬಾಗಿಲು ತಟ್ಟುವುದುಂಟು. ಗಣಕಯಂತ್ರದ ಭಾಷೆಗಳ ಲೋಕದಲ್ಲಿಯೂ ಇದೇ ರೂಢಿ. 1991ರಲ್ಲಿ ಡಚ್ ತಜ್ಞ ಗೀಡೊ ವಾನ್ ರಾಸಮ್ ಹೊರತಂದ ಪೈಥಾನ್ ಭಾಷೆಯನ್ನೇ ನೋಡಬಹುದು. ಲೆಕ್ಕಪಟ್ಟಿ ಓದಲು, ನಕ್ಷೆ ಬಿಡಿಸಲು ಬೇಕಾಗುವ ಸಿದ್ಧಭಾಗಗಳನ್ನು ದೇಶದೇಶಗಳ ಜನರು ರಚಿಸಿ, ಪೈಪಿಐ ಎಂಬ ಸಾರ್ವಜನಿಕ ಉಗ್ರಾಣದಲ್ಲಿ ಇರಿಸಿದ್ದಾರೆ. ‘ಪಿಪ್ ಇನ್‌ಸ್ಟಾಲ್’ ಎಂದು ಬರೆದು ಮುಂದೆ ಭಾಗದ ಹೆಸರನ್ನು ಸೇರಿಸಿದರೆ ಸಾಕು, ಬೇಡಿದ್ದು ಕೈಸೇರುತ್ತದೆ, ಕಾಸು ತೆರಬೇಕಾಗಿಲ್ಲ.

ಕಾಸಿಲ್ಲವೆಂದ ಮಾತ್ರಕ್ಕೆ ಎಚ್ಚರವೂ ಬೇಡವೆ? 2017ರಲ್ಲಿ ಸ್ಲೊವಾಕಿಯ ದೇಶದ ರಾಷ್ಟ್ರೀಯ ಭದ್ರತಾ ಕಚೇರಿಯು ಆ ಉಗ್ರಾಣದಲ್ಲಿ ಹತ್ತು ಕಪಟಭಾಗಗಳನ್ನು ಪತ್ತೆಹಚ್ಚಿತು. ‘ಯುಆರ್‌ಎಲ್‌ಲಿಬ್3’ ಎಂಬ ಪ್ರಸಿದ್ಧ ಭಾಗದ ಹೆಸರಿನಿಂದ ಒಂದು ‘ಎಲ್’ ಅಕ್ಷರವನ್ನು ಕಳೆದು ಒಂದಕ್ಕೆ ನಾಮಕರಣವಾಗಿತ್ತು. ಒಳಗಿದ್ದುದು ಅಸಲು ಸರಕೇ. ಜೊತೆಗೆ, ತಂದವನ ಹೆಸರನ್ನೂ ಅವನ ಯಂತ್ರದ ಹೆಸರನ್ನೂ ಗುಟ್ಟಾಗಿ ಹೊರಗೆ ಸಾಗಿಸುವ ಬರಹವೂ ಅಡಗಿತ್ತು. ಅವಸರದಲ್ಲಿ ಒಂದಕ್ಷರ ತಪ್ಪಿದವನ ಗತಿ ಅಷ್ಟೇ.

ಆದುದರಿಂದ ಹೊಸಬನು ಭಾಗದ ಹೆಸರನ್ನು ಅದರ ಕರ್ತೃಗಳ ಕೈಪಿಡಿಯಿಂದಲೇ ತಿಳಿದು, ಅಕ್ಷರಕ್ಷರವಾಗಿ ತಾಳೆನೋಡಬೇಕು. ಒಂದು ಕೆಲಸದ ಭಾಗಗಳು ಮತ್ತೊಂದಕ್ಕೆ ತೊಡಕಾಗದಂತೆ, ‘ವೆನ್ವ್’ ಎಂಬ ಸಾಧನದಿಂದ ಪ್ರತಿಯೊಂದಕ್ಕೂ ಪ್ರತ್ಯೇಕ ಪಾತ್ರೆಯನ್ನಿಡುವುದು ಲೇಸು. ಹೆಪ್ಪು ನೆರೆಮನೆಯದಾದರೂ ಕೆಡುವ ಹಾಲು ತನ್ನದೇ ಅಲ್ಲವೆ?