ಕಥೆ ಬಿಟ್ಟು ಕೆಟ್ಟವಳು

ಕುಂದಾಪುರದಲ್ಲಿ ನಮ್ಮ ಸಂಬಂಧದ ಒಬ್ಬಳು ಹುಡುಗಿ ಕೆಟ್ಟುಹೋಗುತ್ತಿದ್ದಾಳೆಂಬ ಸುದ್ದಿ ಒಂದೇ ವಾರದಲ್ಲಿ ಮೂರು ಕಡೆಯಿಂದ ನನ್ನ ಕಿವಿಗೆ ಬಿತ್ತು. ಗಾಬರಿಯಾಗಬೇಡಿ, ಯಾರ ಜೊತೆಗೂ ಓಡಿಹೋದದ್ದಲ್ಲ. ಒಳ್ಳೊಳ್ಳೆಯ ಕಥೆ ಬರೆಯುತ್ತಿದ್ದವಳು ಈಗ ವಿಜ್ಞಾನ ಬರೆಯುತ್ತಾಳೆ, ಶಾಲೆಗಳಿಗೆ ಹೋಗಿ ಮಾತಾಡುತ್ತಾಳೆ, ಅದರಲ್ಲೇ ಜೀವನ ಮಾಡುತ್ತೇನೆ ಅನ್ನುತ್ತಾಳೆ. ಅಷ್ಟೆ.

ಹುಡುಗಿ ನನ್ನ ನಾದಿನಿಯ ಮಗಳು. ಇಪ್ಪತ್ತೇಳು ವರ್ಷ, ಬಿ.ಎಸ್ಸಿ. ಓದಿದವಳು, ಒಂದು ಕಥಾಸಂಕಲನ ಬಂದಿದೆ. ನಾದಿನಿ ಫೋನಿನಲ್ಲಿ ಅತ್ತಳು. “ಬ್ಯಾಂಕ್ ಪರೀಕ್ಷೆಗೆ ಕೂರು ಅಂದರೆ ಕೇಳುವುದಿಲ್ಲ ಅತ್ತಿಗೆ, ನೀವಾದರೂ ಹೇಳಿ.” ಆಮೇಲೆ ಸಮಾರಂಭವೊಂದರಲ್ಲಿ ಹಿರಿಯ ಸಾಹಿತಿಯೊಬ್ಬರು ಸಿಕ್ಕಿ, “ಪ್ರತಿಭೆ ಇತ್ತು ಅಮ್ಮ, ಪಾಠಪುಸ್ತಕದಲ್ಲಿ ಹಾಳು ಮಾಡಿಕೊಂಡಳು” ಎಂದು ಮರುಗಿದರು. ಮೂರನೆಯವರು ನಿವೃತ್ತ ವಿಜ್ಞಾನ ಮೇಷ್ಟರು. ಅವರದು ತಿರುಗಾಮುರುಗಾ ದೂರು: ಕಥೆ ಬರೆಯುವವಳಿಗೆ ವಿಜ್ಞಾನದ ಉಸಾಬರಿ ಯಾಕೆ?

ಅಂತೂ ಸಾಹಿತ್ಯದವರಿಗೆ ಅವಳು ಹೊರಗಿನವಳಾದಳು, ವಿಜ್ಞಾನದವರಿಗೆ ಒಳಗಿನವಳಾಗಲಿಲ್ಲ. ಹೆಣ್ಣುಮಕ್ಕಳಿಗೆ ಇದೇನು ಹೊಸತಲ್ಲ, ತವರು ಮತ್ತು ಗಂಡನ ಮನೆಯ ನಡುವೆ ನಾವೆಲ್ಲ ಈ ಆಟ ಆಡಿದವರೇ. ಆದರೆ ಈ ಮಾತನ್ನು ಕುಂದಾಪುರದಲ್ಲಿ ನಿಂತು ಆಡುತ್ತಾರಲ್ಲ, ಅದು ನನಗೆ ತಡೆಯುವುದಿಲ್ಲ. ಇಲ್ಲಿಂದ ಬ್ರಹ್ಮಾವರಕ್ಕೆ ಹೋಗುವ ದಾರಿಯಲ್ಲೇ ಕೋಟ ಸಿಗುತ್ತದೆ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು. ಅವರ ಹೆಸರಿನಲ್ಲಿ ಭಾಷಣ ಮಾಡದವರು ನಮ್ಮಲ್ಲಿ ಯಾರಿದ್ದಾರೆ? ಆ ಕಾರಂತರು ‘ಚೋಮನ ದುಡಿ’ ಬರೆದು ಮೂರು ವರ್ಷಕ್ಕೆ, 1936ರಲ್ಲಿ, ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು. ಆಗ ಅವರಿಗೆ ಮೂವತ್ತನಾಲ್ಕು. ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟವರು, ಯಾವ ವಿಜ್ಞಾನದ ಪದವಿಯೂ ಇರಲಿಲ್ಲ. ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ಅಮೆರಿಕದ ರೇಚಲ್ ಕಾರ್ಸನ್ ಕಡಲಿನ ಬಗ್ಗೆ 1951ರಲ್ಲಿ ಬರೆದ ಪುಸ್ತಕವನ್ನೂ ಕನ್ನಡಕ್ಕೆ ತಂದರು. ಇದರಿಂದ ಅವರೊಳಗಿನ ಕಾದಂಬರಿಕಾರ ಸತ್ತನೇ? ‘ಮರಳಿ ಮಣ್ಣಿಗೆ’ ಬಂದದ್ದು ‘ಬಾಲ ಪ್ರಪಂಚ’ ಆದ ಮೇಲೆ. ‘ಮೂಕಜ್ಜಿಯ ಕನಸುಗಳು’ ಬಂದದ್ದು 1968ರಲ್ಲಿ, ಅದಕ್ಕೆ ಜ್ಞಾನಪೀಠ ಬಂದದ್ದು 1977ರಲ್ಲಿ. ನಮ್ಮ ಸಾಹಿತಿಗಳ ಲೆಕ್ಕದಲ್ಲಿ ಅವರು 1936ರಲ್ಲೇ ಕೆಟ್ಟಿರಬೇಕಿತ್ತು.

ಕಾರಂತರಿಗೆ ಯಾರೂ “ಮದುವೆಗೆ ತೊಂದರೆಯಾದೀತು” ಅನ್ನಲಿಲ್ಲ, ಅದು ಬೇರೆ ವಿಷಯ. ‘ಬಾಲ ಪ್ರಪಂಚ’ ಬಂದ ವರ್ಷವೇ ಅವರ ಮದುವೆಯೂ ಆಯಿತು. ಮುಂದೆ ಪುತ್ತೂರಿನ ಆ ಮನೆಯ ಸಂಸಾರ ಹೊತ್ತವರು ಲೀಲಾ ಕಾರಂತರು.

ಹೆಂಗಸು ಬರೆದ ಮೇಲ್ಪಂಕ್ತಿ ಬೇಕೆಂದರೆ ಅನುಪಮಾ ನಿರಂಜನ ಇದ್ದರು. ಡಾಕ್ಟರು, ಕಾದಂಬರಿಕಾರ್ತಿ. ಅವರ ‘ತಾಯಿ ಮಗು’ ಓದಿ ಬಸುರಿತನ ಅಂದರೆ ಏನೆಂದು ತಿಳಿದುಕೊಂಡವರಲ್ಲಿ ನಾನೂ ಒಬ್ಬಳು. ನನ್ನ ಅಮ್ಮ ಹೇಳಲು ನಾಚಿದ್ದನ್ನು, ಡಾಕ್ಟರು ಹೇಳಲು ಪುರುಸೊತ್ತಿಲ್ಲದ್ದನ್ನು ಆ ಪುಸ್ತಕ ಹೇಳಿತು. ಅರ್ಥವಾಗುವ ಹಾಗೆ ಹೇಳಿತು, ಯಾಕೆಂದರೆ ಬರೆದವರಿಗೆ ಕಥೆ ಹೇಳಲು ಬರುತ್ತಿತ್ತು.

ಈಗ ಗ್ರಹಣದ ವಿಷಯಕ್ಕೆ ಬರುತ್ತೇನೆ. 1980ರ ಫೆಬ್ರವರಿ 16. ಅಂಕೋಲೆಯ ಕಡೆ ಪೂರ್ಣ ಸೂರ್ಯಗ್ರಹಣ, ನಮ್ಮಲ್ಲಿ ಪಾರ್ಶ್ವ. ನಾನು ಆ ಮನೆಗೆ ಹೊಸ ಸೊಸೆ. ನನ್ನ ಓರಗಿತ್ತಿಗೆ ಏಳು ತಿಂಗಳು. ಮಧ್ಯಾಹ್ನದಿಂದಲೇ ಅವಳನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿದರು. ಮಗ್ಗುಲಾಗಬಾರದು, ಉಗುರು ಕಚ್ಚಬಾರದು, ನೀರು ಕುಡಿಯಬಾರದು. ಸೆಖೆಗೆ ಅವಳು ಒಳಗಿಂದ “ಒಂದು ಗುಟುಕು ನೀರು” ಎಂದು ಎರಡು ಸಲ ಕೇಳಿದಳು. ನಾನು ಚೊಂಬು ಹಿಡಿದು ಬಾಗಿಲ ತನಕ ಹೋದೆ. ಅತ್ತೆ ನೋಡಿದ ನೋಟಕ್ಕೆ ವಾಪಸು ಬಂದೆ. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ಮಗು ಚೆನ್ನಾಗಿ ಹುಟ್ಟಿತು, ಕೀರ್ತಿ ಕತ್ತಲೆ ಕೋಣೆಗೆ ಹೋಯಿತು. ಆದರೆ ನಮ್ಮ ಕೇರಿಯಲ್ಲೇ ಇನ್ನೊಬ್ಬಳಿಗೆ ಸೀಳುತುಟಿಯ ಕೂಸು ಹುಟ್ಟಿತು. “ಗ್ರಾಣದ ಹೊತ್ತಿಗೆ ಮೆಟ್ಟುಕತ್ತಿ ಮುಟ್ಟಿದ್ದಾಳೆ” ಅಂದರು. ಆ ಹೆಂಗಸು ಬದುಕಿಡೀ ಆ ಮಾತು ಹೊತ್ತಳು. ಕೂಸಿನ ತುಟಿಗಿಂತ ಅವಳ ಮನಸ್ಸು ಸೀಳಿದ್ದು ಹೆಚ್ಚು.

ನನ್ನ ಸೊಸೆಯಂಥ ಈ ಹುಡುಗಿ ಕಳೆದ ವರ್ಷ ಬರೆದ ಒಂದು ಬರಹದಲ್ಲಿ ಇಂಥ ಒಬ್ಬ ತಾಯಿ ಬರುತ್ತಾಳೆ. ಕೋಣೆ ಇದೆ, ಚೊಂಬು ಇದೆ (ನನ್ನ ಮುಖ ನೋಡಿಯೇ ಕಂಡುಹಿಡಿದಳೋ ಏನೋ). ಓದುತ್ತ ಓದುತ್ತ ಒಂದು ಸಂಗತಿ ತಿಳಿಯುತ್ತದೆ: ಮಗುವಿನ ತುಟಿ ಕೂಡಿಕೊಳ್ಳುವುದು ಬಸುರಿನ ನಾಲ್ಕರಿಂದ ಏಳನೇ ವಾರದೊಳಗೆ. ಅಂದರೆ ಹೊಟ್ಟೆ ಕಾಣುವ ಹೊತ್ತಿಗೆ, ಮನೆಯವರು ಬಾಗಿಲು ಹಾಕುವ ಹೊತ್ತಿಗೆ, ಅದೆಲ್ಲ ಎಂದೋ ಮುಗಿದಿರುತ್ತದೆ. ಏಳನೇ ತಿಂಗಳ ಗ್ರಹಣ ಆ ತುಟಿಗೆ ಏನು ಮಾಡೀತು? ಕಾಪಾಡಬೇಕಾದದ್ದು ಕಣ್ಣನ್ನು, ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು, ಅದು ಬಸುರಿಗೂ ಗಂಡಸಿಗೂ ಒಂದೇ. ನೀರು ಕುಡಿಯದೆ ಬಸುರಿಗೆ ಆಗುವ ತೊಂದರೆ ಮಾತ್ರ ನಿಜವಾದದ್ದು.

ಇದೇ ಮಾತು ಮೇಷ್ಟರ ಪಾಠದಲ್ಲೂ ಇತ್ತು, ಮೂವತ್ತು ವರ್ಷ ಹೇಳಿದರು. ಯಾವ ಅತ್ತೆ ಬಾಗಿಲು ತೆಗೆದಳು? ಹುಡುಗಿಯ ಬರಹವನ್ನು ನಮ್ಮ ಮಹಿಳಾ ಮಂಡಲದಲ್ಲಿ ಓದಿದಾಗ ಒಬ್ಬರು ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಹಾಂಗಾರೆ ಅವಳ್ ತಪ್ಪಲ್ದಾ?” ಅಂದರು. ಐವತ್ತು ವರ್ಷದ ಹಿಂದಿನ ಯಾರದೋ ತಪ್ಪು ಆ ಹೊತ್ತಿಗೆ ಇಳಿಯಿತು. ಇದನ್ನು ಪಾಠಪುಸ್ತಕ ಅನ್ನುತ್ತೀರಾ?

ಮೇಷ್ಟರ ದೂರಿನಲ್ಲಿ ಸ್ವಲ್ಪ ಹುರುಳಿದೆ, ಅದನ್ನೂ ಹೇಳಿಬಿಡುತ್ತೇನೆ. ಕಥೆಗಾರರಿಗೆ ಚಂದ ಮಾಡುವ ಚಟ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯ ಕಡಲು ರಾತ್ರಿ ನೀಲಿಯಾಗಿ ಹೊಳೆಯಿತಲ್ಲ, ಆಗ ಹುಡುಗಿ ‘ಕಡಲ ಸಣ್ಣ ಜೀವಿಗಳು ದೀಪ ಹಚ್ಚಿ ಒಂದನ್ನೊಂದು ಕರೆಯುತ್ತವೆ’ ಎಂದು ಬರೆದಿದ್ದಳು. ಅಚ್ಚಿಗೆ ಕೊಡುವ ಮೊದಲು ಇದೇ ಮೇಷ್ಟರಿಗೆ ತೋರಿಸಿದಳು. ಅವರು ಕೆಂಪು ಶಾಯಿಯಲ್ಲಿ ಬರೆದರು: ‘ನಾಕ್ಟಿಲುಕಾ ಯಾರನ್ನೂ ಕರೆಯುವುದಿಲ್ಲ. ನೀರು ಅಲುಗಿದಾಗ ಮಿಂಚುತ್ತದೆ.’ ಅವಳು ಆ ವಾಕ್ಯ ಹೊಡೆದುಹಾಕಿದಳು. ಆ ಕಾಗದ ಈಗಲೂ ಅವಳ ಮೇಜಿನ ಗಾಜಿನಡಿ ಇದೆ. ತಿದ್ದಿಸಿಕೊಳ್ಳುವವಳಿಗೆ ಉಸಾಬರಿ ಯಾಕೆ ಎಂದು ಕೇಳುವುದಕ್ಕಿಂತ ಇನ್ನೊಂದು ಹಾಳೆ ತಿದ್ದಿಕೊಟ್ಟರೆ ಆಗದೇ ಮೇಷ್ಟರೇ?

ಇನ್ನು ನಾದಿನಿಯ ಅಳು. ಅದು ಮಾತ್ರ ಸುಳ್ಳಲ್ಲ. ಇದರಲ್ಲಿ ಹೊಟ್ಟೆ ತುಂಬುವುದಿಲ್ಲ. ಕೇಂದ್ರ ಸರಕಾರ 1989ರಲ್ಲಿ ಕಟ್ಟಿದ ‘ವಿಜ್ಞಾನ ಪ್ರಸಾರ’ ಸಂಸ್ಥೆಯನ್ನು 2023ರಲ್ಲಿ ಮುಚ್ಚಿಯೇ ಬಿಟ್ಟಿತು. ಊರಿನವರೋ, ವಿಜ್ಞಾನ ಹೇಳುವುದು ಸೇವೆ ಅಂದುಕೊಂಡಿದ್ದಾರೆ. ಬೈಂದೂರು ಕಡೆಯ ಒಂದು ಸಂಸ್ಥೆಯವರು ಇಡೀ ದಿನ ಮೂರು ತರಗತಿಗೆ ಮಾತಾಡಿಸಿ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಬಸ್ಸಿನ ದುಡ್ಡೂ ಇಲ್ಲ. ಅದೇ ವೇದಿಕೆಯಲ್ಲಿ ಮೈಕಿನವನಿಗೆ, ಶಾಮಿಯಾನದವನಿಗೆ ಎಣಿಸಿ ಕೊಟ್ಟದ್ದನ್ನು ಅವಳು ಕಣ್ಣಾರೆ ನೋಡಿದಳು. ಅವಳ ಕಪಾಟಿನಲ್ಲಿ ಈಗ ಹನ್ನೊಂದು ಶಾಲು ಇವೆ. ನಮ್ಮ ಊರಿನ ಸೆಖೆಗೆ ಶಾಲು!

ಕೊಡಬೇಕಾದವರು ನಾವೂ ಹೌದು. ಹೂವಿನ ಅಲಂಕಾರಕ್ಕೆ ಸಾವಿರಗಟ್ಟಲೆ ತೆಗೆದಿಡುವ ನಮ್ಮ ಮಹಿಳಾ ಮಂಡಲ ಅವತ್ತು ಅವಳಿಗೆ ಕೊಟ್ಟದ್ದು ಅರಸಿನ ಕುಂಕುಮ, ಒಂದು ತೆಂಗಿನಕಾಯಿ, ಕಾಫಿ. ನಾನೇ ಖಜಾಂಚಿ.

ನಿನ್ನೆ ಅವಳು ನಮ್ಮಲ್ಲಿಗೆ ಬಂದಿದ್ದಾಗ ಬ್ರಹ್ಮಾವರದ ಕಡೆಯಿಂದ ಫೋನು ಬಂತು, ವಾರ್ಷಿಕೋತ್ಸವಕ್ಕೆ ಬರಬೇಕಂತೆ. ಅವಳು ಹೂಂ ಅನ್ನುವ ಮೊದಲೇ ಫೋನು ಕಸಿದುಕೊಂಡು, “ನಾನು ಅವಳ ಅತ್ತೆ. ಎಷ್ಟು ಕೊಡುತ್ತೀರಿ?” ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಅಧ್ಯಕ್ಷರತ್ರ ಕೇಂಡ್ ಹೇಳ್ತೆ ಅಮ್ಮ” ಅಂದರು.

ಹುಡುಗಿ ನಾಚಿ ಒಳಗೆ ಹೋದಳು. ನಾನು ಮಂಡಲದ ಲೆಕ್ಕದ ಪುಸ್ತಕ ತೆಗೆದು ಹುಡುಕುತ್ತ ಕೂತೆ, ಅವಳಿಗೆ ಕೊಡಬೇಕಾದದ್ದನ್ನು ಯಾವ ಬಾಬಿನಲ್ಲಿ ಬರೆಯಲಿ ಎಂದು.